ಲಾರಿ ಆಫೀಸು: ಬಳಸುವ ಮುನ್ನ ಓದಿರಿ

ಹುಬ್ಬಳ್ಳಿಯ ಗೋಡೌನಿನಿಂದ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಕ್ಕೆ ಮಾಲು ಕಳಿಸುವ ಕೆಲಸ ಹಿಡಿದ ಹೊಸ ಮ್ಯಾನೇಜರರಿಗೆ ಅಭಿನಂದನೆಗಳು. ಈ ನಾಲ್ಕೂ ಊರಿಗೆ ರೈಲಿಲ್ಲ. ಸಿಮೆಂಟಿನಿಂದ ಸೋಪಿನವರೆಗೆ ಎಲ್ಲವೂ ಲಾರಿಯಲ್ಲೇ ಹೋಗಬೇಕು. ತಡವಾದರೆ ಬೈಗುಳ ಫೋನಿನಲ್ಲಿ ಬರುತ್ತದೆ.

ಬಿಡಿಭಾಗಗಳು: ಹತ್ತು ಗಾಲಿಯ ಲಾರಿ, ತಾಡಪತ್ರಿ, ಹಗ್ಗ, ಡ್ರೈವರ್, ಕ್ಲೀನರ್, ಹಮಾಲರ ಗ್ಯಾಂಗು, ಅವರ ಮುಕಾದಮ. ನೀವು ತಂದ ಕಂಪ್ಯೂಟರನ್ನು ಧೂಳು ಬೀಳದ ಕಡೆ ಇಡಿ.

ಹೇರುವ ಕ್ರಮ: ಬುಕಿಂಗ್ ಆದ ಹೊತ್ತಿನ ಪ್ರಕಾರ ಪಟ್ಟಿ ತೆಗೆದು ಹಾಗೆಯೇ ಹೇರಿಸಿ. ಬೆಳಿಗ್ಗೆ ಬುಕ್ ಆದ ಕಿತ್ತೂರಿನ ಮಾಲು ಕ್ಯಾಬಿನ್ನಿನ ಬೆನ್ನಿಗೆ ಹೋಗಿ ಕೂರುತ್ತದೆ, ಸಂಜೆ ಬಂದ ರಾಮದುರ್ಗದ್ದು ಹಿಂಬಾಗಿಲಿಗೆ. ಲಾರಿ ಮೊದಲು ಮುಟ್ಟುವುದು ಹೆದ್ದಾರಿಯ ಮಗ್ಗುಲಿನ ಕಿತ್ತೂರನ್ನು. ಅಲ್ಲಿ ಉಳಿದ ಮೂರೂ ಊರಿನ ಮಾಲನ್ನು ಬೀದಿಗಿಳಿಸಿ, ಕಿತ್ತೂರಿನದನ್ನು ಹೊರಗೆಳೆದು, ಇಳಿಸಿದ್ದನ್ನು ಮತ್ತೆ ಹೇರಬೇಕು. ಹಮಾಲಿ ಎರಡು ಪಟ್ಟು. ಈ ಸೌಲಭ್ಯ ಬೇಡವಾದರೆ ಮುಕಾದಮನ ಮಾತು ಕೇಳಿ: "ಸಾಹೇಬ್ರ, ಕಡೀಕ ಇಳಿಸೂದು ಮೊದಲ ಹೇರೂಣ್ರಿ." ಅವನು ಇದನ್ನು ಯಾವ ಕಾಲೇಜಿನಲ್ಲೂ ಕಲಿತಿಲ್ಲ, ಆದ್ದರಿಂದ ಮೀಟಿಂಗಿಗೆ ಕರೆಯುವ ರೂಢಿಯಿಲ್ಲ.

ತೂಕ: ಹತ್ತು ಗಾಲಿಯ ಲಾರಿ ಮಾಲು ಸೇರಿ 28.5 ಟನ್ ದಾಟಬಾರದು; ಈ ಮಿತಿ ಬಂದದ್ದು 2018ರಲ್ಲಿ. ದಾಟಿದರೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000. "ಇನ್ನ ನಾಕ ಚೀಲ ಒಗೀರಿ" ಎನ್ನುವ ಸಾಹುಕಾರರು ದಂಡದ ರಸೀದಿಯಲ್ಲಿ ಪಾಲು ಕೇಳುವುದಿಲ್ಲ. ಮರಳುವಾಗ ಖಾಲಿ ಬರಬೇಡಿ, ಬೈಲಹೊಂಗಲ ಹತ್ತಿಯ ಪೇಟೆ. ಪ್ರೆಸ್ ಆದ ಬೇಲು ಒಂದಕ್ಕೆ ಸುಮಾರು 170 ಕಿಲೋ, ಲೆಕ್ಕ ಸುಲಭ. ಬಿಡಿ ಹತ್ತಿಯ ಅಂಡಿಗೆ ಹಾಗಲ್ಲ. ತೂಕ ತುಂಬುವ ಮೊದಲೇ ಲಾರಿ ತುಂಬಿ ಆಕಾಶಕ್ಕೇರುತ್ತದೆ. ಕಾಟಾ ಸುಮ್ಮನಿದ್ದರೂ ಕರೆಂಟಿನ ತಂತಿ ಸುಮ್ಮನಿರುವುದಿಲ್ಲ.

ವೇಳಾಪಟ್ಟಿ: ಸಾಫ್ಟ್‌ವೇರ್ ಹಾಕಿಕೊಡುವ ಪಟ್ಟಿಯ ಪಕ್ಕದಲ್ಲಿ ಒಂದು ಪಂಚಾಂಗ ತೂಗುಹಾಕಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿಯ ದಾರಿ ನಿಮ್ಮದಲ್ಲ, ಎಲ್ಲಮ್ಮನದು. ಚಕ್ಕಡಿ, ಟ್ರ್ಯಾಕ್ಟರ್, ಕಾಲ್ನಡಿಗೆಯವರು ಎಲ್ಲರೂ ಜಾತ್ರೆಗೆಂದು ಅವಳ ಗುಡ್ಡದ ಕಡೆಗೆ. ಹಾರ್ನ್ ಹೊಡೆದರೆ ಭಂಡಾರವೇ ಸಿಕ್ಕೀತು, ಸೈಡು ಸಿಗದು. ಅದೇ ತಿಂಗಳುಗಳಲ್ಲಿ ಕಬ್ಬಿನ ಫ್ಯಾಕ್ಟರಿ ನುರಿಸುತ್ತಿರುತ್ತದೆ, ಜೋಡಿ ಟ್ರೇಲರ್‌ಗಳ ಟ್ರ್ಯಾಕ್ಟರ್ ಟೇಪ್‌ರೆಕಾರ್ಡರ್ ಹಾಡಿಸುತ್ತ ನಡುರಸ್ತೆ ಹಿಡಿದಿರುತ್ತದೆ. ಹತ್ತಿಯ ಹಂಗಾಮೂ ಆಗಲೇ. ಹುಣ್ಣಿಮೆಯ ಹಿಂದುಮುಂದಿನ ಸವದತ್ತಿ ಮಾಲನ್ನು ವಾರ ಮೊದಲೇ ಮುಟ್ಟಿಸಿ. ಜಾತ್ರೆಯ ಅಂಗಡಿಕಾರರಿಗೂ ಅದೇ ಬೇಕು. ಆ ದಿನಗಳಲ್ಲಿ ರಾಮದುರ್ಗಕ್ಕೆ ಸವದತ್ತಿ ತಪ್ಪಿಸಿ ಯರಗಟ್ಟಿ ಮೇಲೆ ಬೇರೆ ಲಾರಿ ಬಿಡಿ.

ದೋಷ ಮತ್ತು ಪರಿಹಾರ: ಲಾರಿ ಹೊರಡುತ್ತಿಲ್ಲವೇ? ಇಂಜಿನ್ ಬಿಚ್ಚುವ ಮೊದಲು ಬಿಲ್ಟಿ ಯಾರ ಜೇಬಿನಲ್ಲಿದೆ ನೋಡಿ. ಇ-ವೇ ಬಿಲ್ಲಿನಲ್ಲಿ 200 ಕಿಲೋಮೀಟರಿಗೆ ಒಂದು ದಿನದ ಗಡುವು. ಲಾರಿ ನಂಬರು ತುಂಬಿದೊಡನೆ ಆ ಗಡುವು ಓಡತೊಡಗುತ್ತದೆ, ಲಾರಿ ಮಾತ್ರ ಗೋಡೌನಿನಲ್ಲೇ ನಿಂತಿರುತ್ತದೆ. ಆದ್ದರಿಂದ ಮೊದಲು ಹಗ್ಗ ಬಿಗಿಯಲಿ, ಡ್ರೈವರ್ ಚಹಾ ಕುಡಿದು ಮೇಲೇರಲಿ, ಆಮೇಲೆ ನಂಬರು ತುಂಬಿ.