ಹೋದ ದುರ್ಮಾಂಸ ಮರಳಿ ಬರಲು: ಮೂಗಿನ ಮಾಲೀಕರ ಕೈಪಿಡಿ

ಸೈನಸ್ ಆಪರೇಷನ್ ಮುಗಿಸಿ ಮನೆ ಸೇರಿದವರಿಗೆ ಸ್ವಾಗತ. ಸಿಪ್ಪೆ ಸುಲಿದ ದ್ರಾಕ್ಷಿಯಂತೆ ಮೂಗಿನೊಳಗೆ ಜೋತುಬಿದ್ದಿದ್ದ ದುರ್ಮಾಂಸವನ್ನು ಡಾಕ್ಟರು ತೆಗೆದಿದ್ದಾರೆ. ವರ್ಷಗಳ ಮೇಲೆ ಒಗ್ಗರಣೆಯ ಇಂಗು ಘಮ್ಮೆಂದಿದೆ. ಈ ಸುಖ ಬೇಡವೆನ್ನುವವರು ಮುಂದೆ ಓದಿ. ಬರೆಯುತ್ತಿರುವವನು ಎರಡು ಸಲ ಟೇಬಲ್ ಹತ್ತಿ ಇಳಿದ ಅನುಭವಸ್ಥ.

ಮೊದಲು, ಗುಣವಾಯಿತೆಂದು ನಂಬಬೇಕು. ಇದು ಕಡ್ಡಾಯ. ದುರ್ಮಾಂಸ ಬೆಳೆದದ್ದು ಮೂಗಿನ ಒಳಪೊರೆ ಉರಿದು, ನೀರು ತುಂಬಿ ಊದಿದ್ದರಿಂದ. ಹಲವರಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಅಲ್ಲಿ ಬಿಡಾರ ಹೂಡಿರುತ್ತವೆ. ಕತ್ತರಿ ಕಳೆ ಕೀಳುತ್ತದೆ, ಮಣ್ಣು ಹಾಗೇ ಇರುತ್ತದೆ. ಇದನ್ನು ಮರೆತಷ್ಟೂ ಕೆಲಸ ಸುಲಭ.

ಸ್ಟೀರಾಯ್ಡ್ ಸ್ಪ್ರೇಯನ್ನು ಬಲಹೊಳ್ಳೆಗೆ ಬಲಗೈಯಲ್ಲೇ ಹಿಡಿದು ಮೂಗಿನ ನಡುಗೋಡೆಗೆ ಗುರಿಯಿಟ್ಟು ಒತ್ತಿ. (ಎಡಗೈಯಲ್ಲಿ ಹಿಡಿದರೆ ತುದಿ ತಾನಾಗಿ ಕಿವಿಯ ಕಡೆ ತಿರುಗಿ, ಮದ್ದು ಸರಿಯಾದ ಜಾಗಕ್ಕೆ ಹೋಗಿಬಿಡುತ್ತದೆ. ಜೋಪಾನ!) ಒತ್ತಿದೊಡನೆ ಜೋರಾಗಿ ಒಳಗೆಳೆದುಕೊಳ್ಳಿ, ಮದ್ದೆಲ್ಲ ಗಂಟಲಿಗೆ. ನಾಲ್ಕು ದಿನದಲ್ಲಿ ನಡುಗೋಡೆಯಿಂದ ಚೂರು ರಕ್ತ ಕಂಡರೆ, ‘ನನಗೆ ಆಗಿಬರಲ್ಲ’ ಎಂದು ಬಾಟಲಿಯನ್ನು ಫ್ರಿಜ್ ಮೇಲಿಡಿ.

ಉಪ್ಪುನೀರಿನಿಂದ ಮೂಗು ತೊಳೆಯುವುದನ್ನೂ ಹೀಗೇ ಬಿಡಬಹುದು. ಆದರೆ ಇಲ್ಲಿ ಕೈಪಿಡಿ ಒಂದು ಕ್ಷಣ ತಮಾಷೆ ನಿಲ್ಲಿಸುತ್ತದೆ: ತೊಳೆಯುವವರು ಕುದಿಸಿ ಆರಿಸಿದ ನೀರನ್ನೇ ಬಳಸಿ. 2011ರಲ್ಲಿ ಅಮೆರಿಕದ ಲೂಯಿಸಿಯಾನಾದಲ್ಲಿ ನಲ್ಲಿ ನೀರಿನಿಂದ ಜಲನೇತಿ ಮಾಡಿದ ಇಬ್ಬರು, ಮೆದುಳು ತಿನ್ನುವ ಅಮೀಬಾ ಹೊಕ್ಕು ಸತ್ತರು.

ಉಬ್ಬಸ ಇದ್ದು, ಆಸ್ಪಿರಿನ್ ಥರದ ನೋವಿನ ಮಾತ್ರೆ ನುಂಗಿದಾಗಲೆಲ್ಲ ಮೂಗು ಕಟ್ಟಿ ಎದೆ ಬಿಗಿಯುವವರು ಅದೃಷ್ಟವಂತರು. ದುರ್ಮಾಂಸ ಬೇಗ ಮರಳುವುದು ಇವರಲ್ಲೇ. ಡಾಕ್ಟರಿಗೆ ಮಾತ್ರ ಬಾಯಿ ಬಿಡಬೇಡಿ. ಈ ಮೂರರ ನಂಟನ್ನು ಫ್ರಾನ್ಸಿನ ವಿಡಾಲ್ 1922ರಲ್ಲೇ ಗುರುತಿಸಿದ್ದ. ಹೆಸರು ಅಂಟಿದ್ದು 1968ರಲ್ಲಿ ಬರೆದ ಸ್ಯಾಮ್ಟರ್‌ಗೆ. ವೈದ್ಯಲೋಕದಲ್ಲೂ ಉಂಡವನೊಬ್ಬ, ಬಡಿಸಿದವನೊಬ್ಬ.

ಗ್ಯಾರಂಟಿಯ ವಿಚಾರ. ಇಷ್ಟೆಲ್ಲ ಕಷ್ಟಪಡದೆ, ಮದ್ದು ತಪ್ಪಿಸದೆ ಇದ್ದವರಲ್ಲೂ ಅದು ಬರುತ್ತದೆ. ತಪ್ಪು ನಿಮ್ಮದೇ ಎನ್ನುವ ನೆಂಟರನ್ನು ನಂಬಬೇಡಿ. ಬೆಲ್ಜಿಯಮ್ಮಿನಲ್ಲಿ ಆಪರೇಷನ್ ಆದ 38 ಜನರನ್ನು 12 ವರ್ಷಗಳ ಬಳಿಕ ನೋಡಿದಾಗ 30 ಮಂದಿಯಲ್ಲಿ ಮರಳಿತ್ತು, 14 ಮಂದಿ ಮತ್ತೆ ಕತ್ತರಿಗೆ ಒಡ್ಡಿಕೊಂಡಿದ್ದರು. 2019ರಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಪಡೆದ ಡುಪಿಲುಮ್ಯಾಬ್ ಚುಚ್ಚುಮದ್ದು ಆ ಮಣ್ಣಿಗೇ ಕೈ ಹಾಕುತ್ತದೆ. ಬೆಲೆ ಕೇಳಿದರೆ ಕಟ್ಟಿದ ಮೂಗೂ ಒಮ್ಮೆ ಬಿಚ್ಚುತ್ತದೆ.

ಕೆಲಸ ಕೈಗೂಡಿತೆಂದು ತಿಳಿಯುವುದು ಹೇಗೆ? ಉಸಿರಿಗಿಂತ ಮೊದಲು ವಾಸನೆ ಹೋಗುತ್ತದೆ. ನನಗೆ ತಿಳಿಸಿದ್ದು ಹೆಂಡತಿ: “ಒಲೆ ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದೀರಿ, ಹಾಲು ಸೀದದ್ದು ಗೊತ್ತಾಗ್ಲಿಲ್ವೇನ್ರೀ?”