‘ನನ್ನ ಮುಪ್ಪಿಗೆ ಮಾತ್ರ ಬೆಲೆಯಿಲ್ಲ!’: ಕುಂಡದ ಹಳೇ ಮಣ್ಣಿನ ಸಂದರ್ಶನ

ಫೋರ್ಟ್ ಕೊಚ್ಚಿಯ ಒಂದು ಹೋಮ್‌ಸ್ಟೇ. ತಾರಸಿಯ ಮೂಲೆಯಲ್ಲಿ ಬಿರುಕು ಬಿಟ್ಟ ಕುಂಡ, ಕುಂಡದಲ್ಲಿ ಸತ್ತ ಟೊಮೇಟೊ ಗಿಡದ ಒಣ ಕಡ್ಡಿ, ಅದರ ಬುಡದಲ್ಲಿ ನಮ್ಮ ಅತಿಥಿ. ಮನೆಯವರು ತರಿಸಿದ ಹೊಸ ‘ಪಾಟಿಂಗ್ ಮಿಕ್ಸ್’ ಚೀಲ ಆಗಲೇ ಕೆಳಗೆ ಬಂದಿಳಿದಿತ್ತು. ಹಾಗಾಗಿ ಕುಶಲೋಪರಿಗೆ ಹೆಚ್ಚು ಸಮಯವಿರಲಿಲ್ಲ.

ಪ್ರಶ್ನೆ: ನಮಸ್ಕಾರ. ಈ ಊರಲ್ಲಿ ತಾವು ಕನ್ನಡ ಮಾತಾಡುತ್ತೀರಲ್ಲ!

ಮಣ್ಣು: ಮೂಲ ಕಾಸರಗೋಡು ಮಾರಾಯ್ರೆ. ಮುರಕಲ್ಲು ಗುಡ್ಡೆಯ ಕೆಂಪು ಮಣ್ಣು. ಮನೆಯವರ ತುಳಸಿ ಕುಂಡದಲ್ಲಿ ಕೂತು ಲಾರಿಯಲ್ಲಿ ಬಂದೆ. ಇಲ್ಲಿ ಒಂದಿಷ್ಟು ಮರಳು, ಒಂದಿಷ್ಟು ತೆಂಗಿನ ನಾರಿನ ಪುಡಿ ಬೆರೆಸಿ ಸಂಸಾರ ಹೂಡಿಸಿದರು.

ಪ್ರಶ್ನೆ: ಈಗ ತಾವು ಸತ್ತಿದ್ದೀರಿ, ಪ್ರಯೋಜನಕ್ಕಿಲ್ಲ ಎನ್ನುತ್ತಿದ್ದಾರೆ.

ಮಣ್ಣು: ಯಾವ ಊರಲ್ಲಿ ನಿಂತು ಹೇಳುತ್ತಿದ್ದಾರೆ ನೋಡಿ! ಮಟ್ಟಾಂಚೇರಿಯ ಜ್ಯೂ ಟೌನಿಗೆ ಹೋಗಿ. ತುಕ್ಕು ಹಿಡಿದ ಬೀಗ, ಗೆದ್ದಲು ಹಿಡಿದ ಬಾಗಿಲು, ಹಳತಾದಷ್ಟೂ ರೇಟು ಜಾಸ್ತಿ. ಈ ಮನೆಯ ಗೋಡೆಯ ಗಾರೆ ಉದುರುತ್ತಿದೆ, ಅದಕ್ಕೆ ‘ಹೆರಿಟೇಜ್’ ಅಂತ ಹೆಸರಿಟ್ಟು ರಾತ್ರಿ ಬಾಡಿಗೆ ಏರಿಸಿದ್ದಾರೆ. ನನ್ನ ಮುಪ್ಪಿಗೆ ಮಾತ್ರ ಬೆಲೆಯಿಲ್ಲ. ಬಿಯೆನ್ನಾಲೆ ಕಲಾಮೇಳದ ಹೊತ್ತಿಗೆ ಆಸ್ಪಿನ್‌ವಾಲ್ ಹೌಸಿನೊಳಗೆ ನನ್ನನ್ನು ಸುರಿದಿದ್ದರೆ ಪಕ್ಕದಲ್ಲೊಂದು ಫಲಕ ನಿಲ್ಲುತ್ತಿತ್ತು. ಗೇಟಿನ ಹೊರಗೆ ಸುರಿದರೆ ಕಸ.

ಪ್ರಶ್ನೆ: ಕಸವಾದರೆ ಒಯ್ಯುವವರಿದ್ದಾರಲ್ಲ?

ಮಣ್ಣು: ಹರಿತ ಕರ್ಮ ಸೇನೆಯವರು ಬಂದರು. ಗೊಬ್ಬರದ ಪ್ಲಾಸ್ಟಿಕ್ ಚೀಲ ಒಯ್ದರು, ನನ್ನನ್ನು ಬಿಟ್ಟರು. ಅವರದೇನೂ ತಪ್ಪಿಲ್ಲ, ಅವರ ಪಟ್ಟಿಯಲ್ಲಿ ನಾನಿಲ್ಲ. ಕೊಳೆಯುವುದಕ್ಕೂ ಸೇರದೆ, ಕೊಳೆಯದ್ದಕ್ಕೂ ಸೇರದೆ ಕೂತಿದ್ದೇನೆ.

ಪ್ರಶ್ನೆ: ಒಮ್ಮೆ ಬಳಸಿದ ಮಣ್ಣು ಅಂದರೆ ಜನರಿಗೆ ಸ್ವಲ್ಪ ಅಸಡ್ಡೆ…

ಮಣ್ಣು: ಈ ಊರೇ ಬಳಸಿದ ಮಣ್ಣು! ಎದುರಿಗೆ ಕಾಣುವ ವೈಪಿನ್ ದ್ವೀಪ ಪೆರಿಯಾರ್ ನದಿಯ ಹೂಳು. 1341ರ ನೆರೆಯಲ್ಲಿ ಮುಚಿರಿ ಬಂದರು ಮುಚ್ಚಿಹೋಗಿ ಕೊಚ್ಚಿಯ ಬಾಯಿ ತೆರೆಯಿತು ಅಂತ ಹೇಳುತ್ತಾರೆ. ವಿಲ್ಲಿಂಗ್ಡನ್ ದ್ವೀಪವೋ, ರಾಬರ್ಟ್ ಬ್ರಿಸ್ಟೋ ಎಂಬ ಇಂಜಿನಿಯರು ಬಂದರು ಆಳ ಮಾಡಲು ಎತ್ತಿದ ಕೆಸರನ್ನೇ ಪೇರಿಸಿ ಕಟ್ಟಿದ್ದು. ಅದರ ಮೇಲೆ ರೈಲು ಓಡಿತು, ವಿಮಾನ ಇಳಿಯಿತು. ‘ಬಳಸಿದ ಕೆಸರು, ನಮಗೆ ಬೇಡ’ ಅಂತ ಯಾವ ಪೈಲಟ್ಟೂ ಹೇಳಲಿಲ್ಲ. ಅಷ್ಟೇ ಏಕೆ, 1524ರಲ್ಲಿ ಸತ್ತ ವಾಸ್ಕೋ ಡ ಗಾಮನನ್ನು ಇಲ್ಲೇ ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ಮಣ್ಣು ಮಾಡಿದರು. 1539ರಲ್ಲಿ ಮೂಳೆಗಳನ್ನು ಪೋರ್ಚುಗಲ್ಲಿಗೆ ಸಾಗಿಸಿದರು. ಕುಂಡ ಖಾಲಿ. ಆದರೂ ಪ್ರವಾಸಿಗರು ಇವತ್ತಿಗೂ ಆ ಖಾಲಿ ಜಾಗದ ಫೋಟೋ ಹೊಡೆಯುತ್ತಾರೆ.

ಪ್ರಶ್ನೆ: ತಮ್ಮ ಫೋಟೋ ಯಾರೂ ತೆಗೆದಿಲ್ಲ ಎಂಬ ಕೊರಗೇ?

ಮಣ್ಣು: ಹಳೇ ಕೊರಗು. ಡಚ್ಚರ ಕಾಲದಲ್ಲಿ ಗವರ್ನರ್ ವಾನ್ ರೀಡೆ ಇಲ್ಲಿನ ಗಿಡಗಳ ಚಿತ್ರ ಬರೆಸಿ ‘ಹೋರ್ಟುಸ್ ಮಲಬಾರಿಕುಸ್’ ಗ್ರಂಥ ಮಾಡಿಸಿದ, 12 ಸಂಪುಟ. ಇಟ್ಟಿ ಅಚ್ಯುತನ್ ವೈದ್ಯರು, ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿಗರು, ಎಲ್ಲರೂ ಕೈಜೋಡಿಸಿದರು. ಬೇರು, ಎಲೆ, ಕಾಯಿಗೆಲ್ಲ ಅಷ್ಟಗಲ ಚಿತ್ರ. ಕಾಲಡಿ ಹಿಡಿದುಕೊಂಡು ನಿಂತ ನನಗೆ? ಹೋಗಲಿ ಬಿಡಿ.

ಪ್ರಶ್ನೆ: ಬೇಸರವಾಗದಿದ್ದರೆ ಒಂದು ಮಾತು. ಹೋದ ಸಲ ಟೊಮೇಟೊ ಗಿಡ ಸತ್ತದ್ದು ಹೇಗೆ?

ಮಣ್ಣು: ತನಿಖೆ ನಡೆಯುತ್ತಿದೆ.

ಪ್ರಶ್ನೆ: ಹಸಿರಾಗಿದ್ದ ಗಿಡ ನಾಲ್ಕೇ ದಿನದಲ್ಲಿ ಜೋತುಬಿತ್ತಂತೆ.

ಮಣ್ಣು: ಎರಡು ಮಳೆಗಾಲ ನನ್ನ ಸಾರಜನಕವನ್ನೆಲ್ಲ ತೊಳೆದೊಯ್ದವು. ನಾರಿನ ಪುಡಿ ಕರಗಿ ನಾನು ಅಂಟು ಮುದ್ದೆಯಾದೆ. ಬೇಸಿಗೆಯಲ್ಲಿ ಉಪ್ಪುಪ್ಪು ಬಾವಿ ನೀರು ಹೊಯ್ದರು, ಮೇಲೆಲ್ಲ ಬಿಳಿ ಪೊರೆ…

ಪ್ರಶ್ನೆ: ಹಸಿವಾದರೆ ಎಲೆ ಹಳದಿಯಾಗುತ್ತದೆ. ಇದು ಹಸಿರಿದ್ದಾಗಲೇ ಬಾಡಿದೆ.

ಮಣ್ಣು: (ದೀರ್ಘ ಮೌನ) ಕಾಂಡ ಕತ್ತರಿಸಿ ಗ್ಲಾಸಿನ ನೀರಲ್ಲಿ ಅದ್ದಿದರಾ?

ಪ್ರಶ್ನೆ: ಅದ್ದಿದರು. ಹಾಲಿನಂಥ ಎಳೆ ಇಳಿಯಿತಂತೆ.

ಮಣ್ಣು: ಸರಿ, ಬರಕೊಳ್ಳಿ. ನನ್ನೊಳಗೆ ಕೆಲವು ಸಮಾಜಘಾತುಕ ಶಕ್ತಿಗಳಿವೆ. ಸೊರಗು ರೋಗದ ಬ್ಯಾಕ್ಟೀರಿಯಾ. ಈ ಕಡೆಯ ಹುಳಿ ಮಣ್ಣಿನಲ್ಲಿ ಮಾಮೂಲು. ಟೊಮೇಟೊ, ಬದನೆ, ಮೆಣಸಿನಕಾಯಿ ಒಂದೇ ಕುಟುಂಬ, ಅವುಗಳ ಮೇಲೆ ಅದರ ಕಣ್ಣು ಜಾಸ್ತಿ. ಇವರೋ, ಟೊಮೇಟೊ ಸತ್ತರೆ ಬದನೆ, ಬದನೆ ಸತ್ತರೆ ಮೆಣಸು ಅಂತ ಒಂದೇ ಮನೆಗೆ ಹೆಣ್ಣು ಕೊಡುತ್ತಾ ಬಂದರು!

ಪ್ರಶ್ನೆ: ಹಾಗಾದರೆ ಬಿಸಾಡುವುದೇ ಸರಿಯಲ್ಲವೇ?

ಮಣ್ಣು: ಎಲ್ಲಿಗೆ? ಪಕ್ಕದವರ ತೆಂಗಿನ ಬುಡಕ್ಕೆ ಬಿಸಾಡಿದರೆ ರೋಗ ಅವರ ಹಿತ್ತಲಿಗೆ ಹೋಗುತ್ತದೆ. ಆಫ್ರಿಕನ್ ಬಸವನಹುಳು ಊರೂರು ಸುತ್ತುವುದೂ ಹೀಗೇ, ಮಣ್ಣಿನ ಜೊತೆ, ಕುಂಡದ ಜೊತೆ. ಬಿಸಾಡುವ ಬದಲು ವೈಪಿನ್ ಕಡೆಯ ಪೊಕ್ಕಾಳಿ ಗದ್ದೆಯವರನ್ನು ನೋಡಿ. ಮಳೆಗಾಲದಲ್ಲಿ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಸಿಗಡಿ. ಭತ್ತದ ಕೂಳೆ ಸಿಗಡಿಗೆ ಆಹಾರ, ಸಿಗಡಿಯ ಹಿಕ್ಕೆ ಭತ್ತಕ್ಕೆ ಗೊಬ್ಬರ. ತಲೆಮಾರುಗಳಿಂದ ಒಂದೇ ಮಣ್ಣು. ಅಲ್ಲಿ ಬದಲಾಗುವುದು ಬೆಳೆ ಮಾತ್ರ.

ಪ್ರಶ್ನೆ: ತಮ್ಮ ಬೇಡಿಕೆಗಳೇನು?

ಮಣ್ಣು: ನನ್ನನ್ನು ಚಾಪೆಯ ಮೇಲೆ ಸುರಿದು, ದಪ್ಪ ಬೇರು ಆರಿಸಿ, ಹೆಂಟೆ ಒಡೆಯಿರಿ. ಮಾರ್ಚ್–ಏಪ್ರಿಲ್ ಬಿಸಿಲಿಗೆ ಸ್ವಲ್ಪ ಒದ್ದೆ ಮಾಡಿ, ಪಾರದರ್ಶಕ ಪಾಲಿಥೀನ್ ಹೊದೆಸಿ ನಾಲ್ಕರಿಂದ ಆರು ವಾರ ಬಿಡಿ. ಜೂನಿನಲ್ಲಿ ಹೊದೆಸಿದರೆ ಅದು ನನಗೆ ಬರೀ ರೇನ್‌ಕೋಟು. ಬೇಸಿಗೆಯಲ್ಲಾದರೆ ಹುಳು, ಶಿಲೀಂಧ್ರ, ಕಳೆ ಬೀಜ ಬೇಯುತ್ತವೆ. ಸೊರಗಿನ ಬ್ಯಾಕ್ಟೀರಿಯಾ ಪೂರ್ತಿ ಸಾಯುತ್ತದೆ ಅಂತ ನಾನು ಬರೆದುಕೊಡುವುದಿಲ್ಲ. ಆಮೇಲೆ ಸುಣ್ಣ. ಸುಣ್ಣ ಹಾಕಿದ ದಿನವೇ ಸಗಣಿ ಗೊಬ್ಬರ ಬೆರೆಸಬೇಡಿ, ಸಾರಜನಕ ಹೊಗೆಯಾಗಿ ಹೋಗುತ್ತದೆ. ಎರಡು ವಾರ ಕಾದು ಹಾಕಿ. ಜೊತೆಗೆ ಬೇವಿನ ಹಿಂಡಿ, ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ. ನಾರಿನ ಪುಡಿ ಮಾತ್ರ ಹೊಸದೇ ಇರಲಿ.

ಪ್ರಶ್ನೆ: ಕೆಳಗೆ ಬಂದಿರುವ ಆ ಹೊಸ ಚೀಲದ ಬಗ್ಗೆ ಏನಂತೀರಿ?

ಮಣ್ಣು: ಬರಲಿ, ನನ್ನ ಜೊತೆಯೇ ಬೆರೆಸಲಿ. ಮುಂದಿನ ವರ್ಷ ಅದೂ ಹಳೇ ಮಣ್ಣೇ.

ಪ್ರಶ್ನೆ: ಈ ಸಲ ಏನು ಬೆಳೆಯುವ ಆಸೆ?

ಮಣ್ಣು: ಅಲಸಂಡೆ, ಹರಿವೆ, ಬೆಂಡೆ, ಯಾವುದಾದರೂ ಸರಿ. ಅದಿರಲಿ, ನಿಮ್ಮ ಕೈಯಲ್ಲಿರುವುದು ಬದನೆ ಬೀಜದ ಪೊಟ್ಟಣ ಅಲ್ಲವಾ? ಅದನ್ನು ಮೊದಲು ಜೇಬಿಗೆ ಹಾಕಿಕೊಳ್ಳಿ ಮಾರಾಯ್ರೆ.