ಗಾಳಿ ಸುತ್ತಿಗೆ: ಕೊಳ್ಳುವವರಿಗೂ ಕಟ್ಟುವವರಿಗೂ ಬಳಕೆದಾರರ ಕೈಪಿಡಿ



ಈ ಕೈಪಿಡಿ ಮಷೀನಿನ ಪೆಟ್ಟಿಗೆಯೊಳಗೆ ಬಂದದ್ದಲ್ಲ. ಮಷೀನೇ ಇನ್ನೂ ಬಂದಿಲ್ಲ. ಕೊಳ್ಳುವುದೋ ಕಟ್ಟುವುದೋ ಎಂದು ರಾತ್ರಿ ಮಗ್ಗಲು ಬದಲಿಸುತ್ತಿರುವ ಪುಣೆ ನಿವಾಸಿಗಳಿಗಾಗಿ ಇದನ್ನು ಸಿದ್ಧಪಡಿಸಲಾಗಿದೆ. ಅದರಲ್ಲೂ ಕಂಪನಿಯಿಂದ ನಿವೃತ್ತರಾಗಿ, ಸೊಸೈಟಿಯ ಪಾರ್ಕಿಂಗಿನಲ್ಲಿ ಹಳೇ ಬಜಾಜ್ ಚೇತಕ್ ಇಟ್ಟುಕೊಂಡು, ಅದರ ಸೈಡ್ ಪ್ಯಾನೆಲ್ಲಿನ ತಗ್ಗನ್ನೇ ನೋಡುತ್ತ ಕೂತ ಕನ್ನಡಿಗರು ಇದನ್ನು ತಪ್ಪದೇ ಓದಬೇಕು. 1972ರಲ್ಲಿ ಬಂದ ಆ ಚೇತಕ್‌ಗೆ ಮೈತುಂಬ ತಗಡು. ಫೈಬರ್ ಮೈಯ ಗಾಡಿಯವರು ಇಲ್ಲಿಗೇ ನಿಲ್ಲಿಸಬಹುದು.

ಭಾಗಗಳ ಪರಿಚಯ

ಸಿ ಅಕ್ಷರದಂತೆ ಬಾಯಿ ತೆರೆದ ಉಕ್ಕಿನ ಚೌಕಟ್ಟು. ಮೇಲ್ದವಡೆಯಲ್ಲಿ ಗಾಳಿಯಿಂದ ಬಡಿಯುವ ಗನ್, ಅದರ ತುದಿಗೊಂದು ಡೈ, ಕೆಳದವಡೆಯಲ್ಲಿ ಉಬ್ಬಿದ ಡೈ, ಕಾಲಡಿ ಪೆಡಲ್. ನಡುವೆ ತಗಡು ಹಿಡಿದು ಪೆಡಲ್ ಒತ್ತಿದರೆ ನಿಮಿಷಕ್ಕೆ ಸಾವಿರಾರು ಪೆಟ್ಟು. ಪ್ರತಿ ಪೆಟ್ಟಿಗೂ ತಗಡು ತುಸು ತೆಳುವಾಗಿ, ತುಸು ಹರಡುತ್ತದೆ. ಡೈ ಎಷ್ಟು ಉಬ್ಬಿದೆಯೋ ತಗಡು ಅದಕ್ಕೆ ತಕ್ಕಂತೆ ಬಾಗುತ್ತದೆ.

ಗಮನಿಸಿ: ಇದು ತಗ್ಗು ಎತ್ತುವ ಯಂತ್ರವಲ್ಲ. ಪ್ಯಾನೆಲ್ಲನ್ನು ಮರಳಿನ ಚೀಲದ ಮೇಲಿಟ್ಟು, ಮರದ ಕೊಡತಿಯಿಂದ ಕೈಯಲ್ಲೇ ಬಡಿದು ತಗ್ಗು ಎತ್ತಬೇಕು. ಆಮೇಲೆ ಉಳಿಯುವ ಏರುತಗ್ಗುಗಳನ್ನು ನಯ ಮಾಡುವುದಷ್ಟೇ ಇದರ ಕೆಲಸ. ಕೊಂಡವರಿಗೆ ಕೊಂಡ ಮೇಲೆ, ಕಟ್ಟಿದವರಿಗೆ ಕಟ್ಟಿದ ಮೇಲೆ ಈ ಸಂಗತಿ ತಿಳಿಯುವುದು ವಾಡಿಕೆ. ಮನೆಯವರಿಗೆ ಮಾತ್ರ ಮೊದಲೇ ತಿಳಿದಿರುತ್ತದೆ: "ಅಲ್ಲರೀ, ಇರೋದು ಒಂದು ಸ್ಕೂಟರ್, ಬಿದ್ದಿರೋದು ಒಂದು ತಗ್ಗು. ಅದಕ್ಕ ಕಾರ್ಖಾನಿ ಯಾಕ ಬೇಕರೀ?" ಈ ಪ್ರಶ್ನೆಗೆ ಉತ್ತರ ಕೈಪಿಡಿಯ ಮುಂದಿನ ಆವೃತ್ತಿಯಲ್ಲಿ.

ಕಟ್ಟುವವರಿಗೆ

ಮೊದಲ ಸೂಚನೆ: ಕಿರ್ಲೋಸ್ಕರರ ಹೆಸರು ಎತ್ತಬೇಡಿ. ಪುಣೆಯ ಕನ್ನಡಿಗರು ಏನಾದರೂ ಕಟ್ಟಲು ಹೊರಟಾಗ ಅವರನ್ನು ಸಾಕ್ಷಿಗೆ ಕರೆಯುವುದು ರೂಢಿ. ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು, 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿ 1910ರಲ್ಲಿ ಕಿರ್ಲೋಸ್ಕರವಾಡಿಯನ್ನೇ ಕಟ್ಟಿದವರು. ಎಲ್ಲ ನಿಜ. ಆದರೆ ಅವರು ಮಾಡಿದ್ದು ಮಾರಲಿಕ್ಕೆ. ಕಬ್ಬಿಣದ ನೇಗಿಲು ಹೊಲಕ್ಕೆ ವಿಷ ಎಂದು ರೈತರು ಹಿಂಜರಿದಾಗಲೂ ಅವರ ಮುಂದೆ ಗಿರಾಕಿ ಅಂತ ಒಬ್ಬ ಇದ್ದ. ನಿಮ್ಮ ಗಿರಾಕಿ ನೀವೇ, ಅದೂ ಉದ್ರಿ.

ಖರ್ಚೆಲ್ಲ ಗನ್ನಿಗೆ ಎಂಬುದು ತಪ್ಪು ತಿಳುವಳಿಕೆ. ಬೋಹ್ರಿ ಆಳಿಯಲ್ಲಿ ಸಿಗುವ ಏರ್ ಚಿಸೆಲ್ಲೇ ಗನ್ ಆಗುತ್ತದೆ. ಜೀವ ಇರುವುದು ಚೌಕಟ್ಟಿನಲ್ಲಿ. ಪ್ಯಾನೆಲ್ಲಿನ ನಡುಭಾಗ ಮುಟ್ಟಬೇಕೆಂದು ಬಾಯಿಯ ಆಳವನ್ನು ಎರಡರಷ್ಟು ಮಾಡಿದಿರೋ, ದವಡೆ ಬಾಗುವುದು ಹತ್ತಿರಹತ್ತಿರ ಎಂಟರಷ್ಟು ಹೆಚ್ಚುತ್ತದೆ. ಆಗ ಪೆಟ್ಟಿನ ಬಲ ತಗಡಿಗೆ ಇಳಿಯುವ ಬದಲು ಚೌಕಟ್ಟಿನ ತೂಗಾಟಕ್ಕೆ ಹೋಗುತ್ತದೆ, ಸದ್ದು ಮಾತ್ರ ಪೂರ್ತಿ ಬರುತ್ತದೆ. ದಪ್ಪ ಗೋಡೆಯ ಚೌಕ ಪೈಪು ತನ್ನಿ. ಒಂದೇ ಕಡೆ ವೆಲ್ಡಿಂಗ್ ಎಳೆಯುತ್ತ ಹೋದರೆ ದವಡೆ ಆ ಕಡೆಗೇ ಸೊಟ್ಟಗಾಗಿ, ಮೇಲಿನ ಡೈ ಕೆಳಗಿನದರ ನೆತ್ತಿ ಬಿಟ್ಟು ಭುಜಕ್ಕೆ ಬಡಿಯುತ್ತದೆ.

ಸಾಮಾನು ತರುವ ದಿನಗಳು: ಜೂನಾ ಬಜಾರ್ ರವಿವಾರ ಮತ್ತು ಬುಧವಾರ. ಡೈ ತಿರುಗಿಸಲು ಭೋಸರಿಯ ಲೇಥಿನವರ ಬಳಿ ಗುರುವಾರ ಹೋಗಬೇಡಿ, ಅಂದು ಅಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ ವಾರದ ರಜೆ. ಡೈಯನ್ನು ಕನ್ನಡಿಯಂತೆ ಪಾಲಿಶ್ ಮಾಡಿಸಿ. ಅದರ ಮೇಲಿನ ಒಂದು ಗೀರು ಪ್ರತಿ ಪೆಟ್ಟಿಗೂ ತಗಡಿನ ಮೇಲೆ ಮುದ್ರೆ ಒತ್ತುತ್ತದೆ.

ಕೊಳ್ಳುವವರಿಗೆ

ಅಂಗಡಿಯಲ್ಲಿ "ನ್ಯೂಮ್ಯಾಟಿಕ್ ಹ್ಯಾಮರ್" ಎಂದು ಕೇಳಿದರೆ ರಸ್ತೆ ಒಡೆಯುವುದನ್ನು ತೋರಿಸುತ್ತಾರೆ. "ಅದಲ್ಲ, ತಗಡಿನದು" ಎಂದರೆ ಕಾದ ಕಬ್ಬಿಣ ಬಡಿಯುವ, ಟನ್‌ಗಟ್ಟಲೆ ತೂಗುವ ಫೋರ್ಜಿಂಗ್ ಹ್ಯಾಮರಿನ ಫೋಟೊ ಮೊಬೈಲಿಗೆ ಬರುತ್ತದೆ. ತಗಡು ನಯ ಮಾಡುವುದಕ್ಕಿರುವ "ಪ್ಲಾನಿಶಿಂಗ್" ಎಂಬ ಮಾತು ಸೇರಿಸಿ. ಆಗ ಅಂಗಡಿಯವರು ಸುಮ್ಮನಾಗುತ್ತಾರೆ.

ಗಾಳಿ

ಕೊಂಡರೂ ಕಟ್ಟಿದರೂ ಕಂಪ್ರೆಸರ್ ಕೊಳ್ಳಲೇಬೇಕು. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪುಣೆ ಕಂಪ್ರೆಸರುಗಳ ತವರು: ಹಡಪಸರದಲ್ಲಿ 1958ರ ಕಿರ್ಲೋಸ್ಕರ್ ನ್ಯೂಮ್ಯಾಟಿಕ್, ದಾಪೋಡಿಯಲ್ಲಿ ಅಟ್ಲಾಸ್ ಕಾಪ್ಕೊ. ಆದರೆ ಅವರ ಕಾರ್ಖಾನೆ ದರ್ಜೆಯ ಯಂತ್ರಗಳು ನಿಮ್ಮ ಪಾರ್ಕಿಂಗಿನಲ್ಲಿ ಹಿಡಿಸುವಂಥವಲ್ಲ. ನಿಮಗೆ ಬೇಕಾದದ್ದು ಪಂಕ್ಚರ್ ಅಂಗಡಿಯದರ ಅಣ್ಣ, ಎರಡು ಮೂರು ಎಚ್‌ಪಿಯದು. ಫಲಕದ ಮೇಲೆ ಬರೆದ ಡಿಸ್‌ಪ್ಲೇಸ್‌ಮೆಂಟ್ ಅಂಕಿ ನಂಬಬೇಡಿ. ಪಿಸ್ಟನ್ ಕಂಪ್ರೆಸರಿನಿಂದ ನಿಜವಾಗಿ ಹೊರಬರುವ ಗಾಳಿ ಅದಕ್ಕಿಂತ ಸಾಕಷ್ಟು ಕಮ್ಮಿ. ಚಿಕ್ಕದು ತಂದರೆ ಒಂದಿಷ್ಟು ಬಡಿದು, ಟ್ಯಾಂಕ್ ತುಂಬುವ ತನಕ ಚಹಾ ಕುಡಿಯುತ್ತ ಕೂರಬೇಕು. ಮಳೆಗಾಲದಲ್ಲಿ ದಿನಾ ಟ್ಯಾಂಕಿನ ನೀರು ಬಿಡಿ, ಗಾಳಿ ಸೋಸಿ, ಒತ್ತಡ ಹದ ಮಾಡಿ, ಎಣ್ಣೆ ಬೆರೆಸುವ ಎಫ್‌ಆರ್‌ಎಲ್ ಹಾಕಿಸಿ. ಇಲ್ಲದಿದ್ದರೆ ಗನ್ನಿನೊಳಗಿನ ಪಿಸ್ಟನ್ನು ತುಕ್ಕು ಹಿಡಿದು ಕೂರುತ್ತದೆ.

ಸದ್ದಿನ ಬಗ್ಗೆ ಎಚ್ಚರಿಕೆ

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. ಸುತ್ತಿಗೆ ಮೊದಲ ಪೆಟ್ಟಿಗೇ ಇವೆರಡನ್ನೂ ದಾಟುತ್ತದೆ. ಅದಕ್ಕಿಂತ ಕಟ್ಟುನಿಟ್ಟಿನ ನಿಯಮ ಪುಣೆಯಲ್ಲಿ ಒಂದಿದೆ: ಮಧ್ಯಾಹ್ನ ಒಂದರಿಂದ ನಾಲ್ಕು. ಮಿಠಾಯಿ ಅಂಗಡಿಯವರೇ ಬಾಗಿಲೆಳೆದು ಮಲಗುತ್ತಿದ್ದ ಊರಿನಲ್ಲಿ ಆ ಹೊತ್ತು ಪೆಡಲ್ ಒತ್ತಿದರೆ ಎದುರು ಮನೆಯ ಕಾಕು ಜಗಳಕ್ಕೆ ಬರುವುದಿಲ್ಲ. ಲಿಫ್ಟಿನ ಪಕ್ಕ ಪುಣೇರಿ ಪಾಟಿ, ಅಂದರೆ ಸೂಚನೆಯ ಫಲಕವೊಂದು ತೂಗುತ್ತದೆ, ತುಂಬ ಸಭ್ಯ ಮರಾಠಿಯಲ್ಲಿ. ಅದನ್ನು ಓದಿದವರು ಮಷೀನು ಮಾರಿದ್ದೂ ಉಂಟು.

ಚಾಲನೆಗೆ ಮುನ್ನ

ಕಸಬಾ ಪೇಠೆಯ ತಾಂಬಟ್ ಆಳಿಗೆ ಹೋಗಿ ಒಂದು ಬೆಳಿಗ್ಗೆ ನಿಲ್ಲಿ. ಪೇಶ್ವೆಯರ ಕಾಲದಿಂದ ತಾಮ್ರ ಬಡಿಯುವವರ ಓಣಿ ಅದು. ನೆಲದಲ್ಲಿ ಕೂತವರು ಹಂಡೆಯನ್ನು ಕಬ್ಬಿಣದ ಗೂಟಕ್ಕೆ ಕವುಚಿ ಹಾಕಿ ಬಡಿಯುತ್ತಿರುತ್ತಾರೆ. ಎಲ್ಲರ ಕಣ್ಣೂ ಸುತ್ತಿಗೆ ಹಿಡಿದ ಬಲಗೈ ಮೇಲೆ. ನೀವು ಎಡಗೈ ನೋಡಿ. ಸುತ್ತಿಗೆ ಬೀಳುವುದು ಸದಾ ಒಂದೇ ಜಾಗಕ್ಕೆ, ಗೂಟದ ನೆತ್ತಿಗೆ. ಎರಡು ಪೆಟ್ಟುಗಳ ನಡುವೆ ಎಡಗೈ ಹಂಡೆಯನ್ನು ಅರ್ಧ ಗುಳಿಯಷ್ಟು ಸರಿಸಿರುತ್ತದೆ. ಸಾಲಿನ ಮೇಲೆ ಸಾಲು ಏರುವ ಆ ಮಿನುಗುವ ಗುಳಿಗಳು ಬರೀ ಅಲಂಕಾರವಲ್ಲ, ಬಡಿತದಿಂದ ತಾಮ್ರ ಗಡುಸಾಗುತ್ತದೆ. ತೀರಾ ಗಡುಸಾದರೆ ಕೆಂಪಗೆ ಕಾಸಿ ನೀರಿಗೆ ಅದ್ದಿದರೂ ಮೆತ್ತಗಾಗುತ್ತದೆ. ನಿಮ್ಮ ಚೇತಕ್ಕಿನ ಉಕ್ಕಿಗೆ ಈ ಉಪಚಾರ ಬೇಡ, ಅದನ್ನು ಕಾಸಿದರೆ ನಿಧಾನಕ್ಕೆ ಆರಲು ಬಿಡಬೇಕು.

ನೀವು ತರುವ ಮಷೀನು ಬಲಗೈ ಕೆಲಸವನ್ನಷ್ಟೇ ಮಾಡುತ್ತದೆ. ಎಡಗೈಯನ್ನು ಯಾವ ಕಂಪನಿಯೂ ಮಾರುವುದಿಲ್ಲ, ಜೂನಾ ಬಜಾರಿನಲ್ಲೂ ಸಿಗುವುದಿಲ್ಲ. ನಿಮಿಷಕ್ಕೆ ಸಾವಿರಾರು ಪೆಟ್ಟು ಬೀಳುವಾಗ ಕೈ ಒಂದು ಕ್ಷಣ ನಿಂತರೆ ಅಲ್ಲೊಂದು ಬುಗುಟು ಏಳುತ್ತದೆ. ಸುಧಾರಿಸಲು ಸುತ್ತಲೂ ಬಡಿದರೆ ಇಡೀ ಪ್ಯಾನೆಲ್ ಹಪ್ಪಳದಂತೆ ಉಬ್ಬುತ್ತದೆ. ಮೊದಲ ತಿಂಗಳು ಎಣ್ಣೆ ಡಬ್ಬದ ತಗಡಿನ ಮೇಲೆ ಅಭ್ಯಾಸ ಮಾಡಿ. ತಗಡಿಲ್ಲದೆ ಖಾಲಿ ಬಡಿಸಬೇಡಿ, ಡೈಗೆ ಡೈ ಬಡಿದು ಎರಡೂ ಹಾಳು.

ವಾರಂಟಿ

ಚೇತಕ್ಕಿನ ಸೈಡ್ ಪ್ಯಾನೆಲ್ ನಾನಾ ಪೇಠೆಯ ಬಿಡಿಭಾಗದ ಅಂಗಡಿಗಳಲ್ಲಿ ಹೊಸದೇ ಸಿಗುತ್ತದೆಯೇ, ಸಿಕ್ಕರೆ ಎಷ್ಟಕ್ಕೆ ಎಂದು ಗ್ರಾಹಕರು ಸ್ವತಃ ವಿಚಾರಿಸುವುದಾಗಲಿ, ಮನೆಯವರಿಂದ ವಿಚಾರಣೆ ಮಾಡಿಸುವುದಾಗಲಿ ಮಾಡತಕ್ಕದ್ದಲ್ಲ. ಕಂಪ್ರೆಸರಿನ ಕೊನೆಯ ಕಂತು ತೀರುವ ಮೊದಲು ಹೀಗೆ ವಿಚಾರಿಸಿದ್ದು ಕಂಡುಬಂದಲ್ಲಿ ಈ ಕೈಪಿಡಿಯ ಎಲ್ಲ ಹೊಣೆ ರದ್ದಾಗುತ್ತದೆ.